ಲೆಕ್ಕವರಿತ ಬಾಳು



ಒಬ್ಬ ಗೃಹಸ್ಥನ ಮನೆಯಲ್ಲಿ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. ಆತನು ಮೈಮುರಿದು ದುಡಿಯುವವನು, ಕುಡಿತ ಜೂಜುಗಳನ್ನರಿಯದವನು, ಬಾಗಿಲಿಗೆ ಬಂದವರಿಗೆ ಇಲ್ಲವೆಂದವನಲ್ಲ. ಐವತ್ತು ತುಂಬುವ ಮೊದಲೇ ಅಕಸ್ಮಾತ್ತಾಗಿ ಲಿಂಗೈಕ್ಯನಾದನು. ಶಿವಗಣಾರಾಧನೆ ಮುಗಿದು ನಂಟರಿಷ್ಟರೆಲ್ಲ ಹೊರಟುಹೋದ ಮೇಲೆ ಆತನ ಪತ್ನಿಯು ಪೆಟ್ಟಿಗೆಯನ್ನು ತೆರೆದು ನೋಡಿದಳು. ಅದರಲ್ಲಿ ನಾಲ್ಕು ಪಾಸ್‌ಬುಕ್ಕುಗಳು, ಒಂದು ವಿಮೆಯ ಕಾಗದ, ಸಹಕಾರ ಸಂಘದ ಷೇರಿನ ರಸೀದಿ, ಬಿಳಿಯ ಹಾಳೆಯ ಮೇಲೆ ಬರೆದ ಎರಡು ಕೈಸಾಲದ ಚೀಟಿಗಳು ಇದ್ದುವು. ಇವುಗಳಲ್ಲಿ ಬರತಕ್ಕದ್ದಾವುದು, ಕೊಡತಕ್ಕದ್ದಾವುದು ಎಂಬುದು ಆಕೆಗೆ ತಿಳಿಯದು. ವಿಮೆಯ ಕಂತು ನಿಂತು ಬಹುಕಾಲವಾಗಿತ್ತು. ಒಂದು ಖಾತೆಗೂ ವಾರಸುದಾರರ ಹೆಸರನ್ನು ನಮೂದಿಸಿರಲಿಲ್ಲ. ಹಣ ಕೊಡಬೇಕಾಗಿದ್ದವರು ಯಾರೂ ಬರಲಿಲ್ಲ. ಪಡೆಯಬೇಕಾಗಿದ್ದವರು ಮಾತ್ರ ತಪ್ಪದೆ ಬಾಗಿಲಿಗೆ ಬಂದರು. ಎರಡೆಕರೆ ಹೊಲವನ್ನು ಮಾರಿ ಆಕೆ ಅವರ ಋಣವನ್ನು ತೀರಿಸಿದಳು. ತೀರಿಸಿದುದು ನಿಜವಾದ ಸಾಲವೋ, ಹಿಂದೆಯೇ ತೀರಿದ್ದ ಸಾಲವೋ, ಅದು ಇಂದಿಗೂ ಆಕೆಗೆ ಗೊತ್ತಿಲ್ಲ.

ಈ ಮನೆಗೆ ಬಂದ ಕಷ್ಟಕ್ಕೆ ಕಾರಣವೇನು? ದುಡಿಮೆಯ ಕೊರತೆಯಲ್ಲ, ದುಶ್ಚಟವಲ್ಲ, ದೈವವನ್ನು ದೂರುವುದೂ ಸಲ್ಲದು. ಹಣವಿದ್ದಿತು, ಹಣದ ಅರಿವಿರಲಿಲ್ಲ. ಇದ್ದ ಅಲ್ಪಸ್ವಲ್ಪ ಅರಿವೂ ಒಬ್ಬನ ತಲೆಯಲ್ಲಿದ್ದು ಅವನೊಡನೆಯೇ ಹೊರಟುಹೋಯಿತು. ಇಂತಹ ಮನೆಗಳು ನಮ್ಮ ನಾಡಿನಲ್ಲಿ ಒಂದೆರಡಲ್ಲ. ಆದುದರಿಂದ ಈ ತಿಂಗಳ ಪಾಠವು ಹಣದ ಅರಿವನ್ನು ಕುರಿತದ್ದು. ಅದು ಒಂದು ಮನೆಗೆ ಹೇಗೆ ಬರಬೇಕು, ಇಡೀ ದೇಶದ ಜನಕ್ಕೆ ಹೇಗೆ ಬರಬೇಕು ಎಂಬುದನ್ನು ಕುರಿತದ್ದು.

ಧರ್ಮದ ಪತ್ರಿಕೆಯಲ್ಲಿ ದುಡ್ಡಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ನಾವು ಮರೆಯಲಾಗದು. ಭಂಡಾರಕ್ಕೆ ಲೆಕ್ಕವಿದ್ದೇ ಇರುತ್ತದೆ. ಶರಣರು ಕಾಯಕವನ್ನು ಹೇಳಿದರು, ದಾಸೋಹವನ್ನು ಹೇಳಿದರು. ಗಳಿಸುವುದು ಒಂದು ತುದಿ, ಸಲ್ಲಿಸುವುದು ಇನ್ನೊಂದು ತುದಿ. ಇವೆರಡರ ನಡುವೆ ಕೈಗೆ ಬಂದುದನ್ನು ಎಚ್ಚರದಿಂದ ಕಾಯುವ ಹೊಣೆಯೊಂದಿದೆ. ಆ ಹೊಣೆ ತಪ್ಪಿದರೆ ಕಾಯಕದ ಫಲವು ಬಡ್ಡಿಯವನ ಪಾಲಾಗುತ್ತದೆ, ದಾಸೋಹಕ್ಕೆ ಕೈ ಬರಿದಾಗುತ್ತದೆ.

೧. ಖಾತೆ ಬಂದಿತು; ಅರಿವು ಬಂದಿತೆ?

ನಮ್ಮ ದೇಶವು ಬ್ಯಾಂಕನ್ನು ಬಡವನ ಬಳಿಗೆ ಒಯ್ಯಲು ಬಹುಕಾಲದಿಂದ ಯತ್ನಿಸುತ್ತ ಬಂದಿದೆ. ೧೯೬೯ರ ಜುಲೈ ೧೯ರಂದು ೧೪ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡುವು. ಅದೇ ವರ್ಷದ ಕೊನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಬ್ಯಾಂಕು ಮುಂದಾಳಾಗಿ ನಿಲ್ಲಬೇಕೆಂಬ ಲೀಡ್ ಬ್ಯಾಂಕ್ ಯೋಜನೆಯು ಬಂದಿತು. ೨೦೧೪ರ ಆಗಸ್ಟ್ ೨೮ರಂದು ಜನಧನ ಯೋಜನೆಯು ಆರಂಭವಾಗಿ, ೨೦೨೩ರ ಆಗಸ್ಟ್ ವೇಳೆಗೆ ಅದರಡಿ ತೆರೆದ ಖಾತೆಗಳು ೫೦ ಕೋಟಿಯನ್ನು ದಾಟಿದುವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ತ್ರೀಯರ ಹೆಸರಿನಲ್ಲಿರುವುದು ಸಂತೋಷದ ವಿಷಯ. ವಿಶ್ವ ಬ್ಯಾಂಕಿನ ಸಮೀಕ್ಷೆಯಂತೆ ೨೦೧೧ರಲ್ಲಿ ನಮ್ಮ ವಯಸ್ಕರಲ್ಲಿ ನೂರಕ್ಕೆ ೩೫ ಮಂದಿಗೆ ಮಾತ್ರ ಖಾತೆಯಿದ್ದಿತು. ೨೦೨೧ರಲ್ಲಿ ಆ ಸಂಖ್ಯೆ ೭೮ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಇಷ್ಟು ಜನಕ್ಕೆ ಬ್ಯಾಂಕಿನ ಬಾಗಿಲು ತೆರೆದುದು ಸಾಮಾನ್ಯವಾದ ಕಾರ್ಯವಲ್ಲ.

ಆದರೆ ಅದೇ ೨೦೨೧ರ ಸಮೀಕ್ಷೆಯು ಇನ್ನೊಂದು ಸಂಗತಿಯನ್ನೂ ತಿಳಿಸಿತು. ಖಾತೆಯುಳ್ಳವರಲ್ಲಿ ನೂರಕ್ಕೆ ಸುಮಾರು ೩೫ ಮಂದಿ ವರ್ಷವೊಂದರಲ್ಲಿ ಒಮ್ಮೆಯೂ ಹಣ ಕಟ್ಟಿದವರಲ್ಲ, ತೆಗೆದವರಲ್ಲ. ಬಾವಿಯನ್ನು ತೋಡಿಸಿಯಾಯಿತು, ಹಗ್ಗ ಕೊಡಗಳು ಮನೆಗೆ ಬರಲಿಲ್ಲ.

೨೦೧೪ರಲ್ಲಿ ೧೪೦ಕ್ಕೂ ಹೆಚ್ಚು ದೇಶಗಳಲ್ಲಿ ಜನರ ಹಣದ ತಿಳಿವಳಿಕೆಯನ್ನು ಅಳೆಯಲು ಸಮೀಕ್ಷೆಯೊಂದು ನಡೆಯಿತು. ಸರಳ ಬಡ್ಡಿಯ ಲೆಕ್ಕ, ಚಕ್ರಬಡ್ಡಿ, ಬೆಲೆಯೇರಿಕೆ, ಎಲ್ಲವನ್ನೂ ಒಂದೇ ಕಡೆ ತೊಡಗಿಸದೆ ಹಂಚಿ ಇಡುವ ವಿವೇಕ, ಈ ನಾಲ್ಕೇ ವಿಷಯಗಳಲ್ಲಿ ಪ್ರಶ್ನೆಗಳನ್ನು ಕೇಳಿದರು. ಮೂರರಲ್ಲಿ ಸರಿಯುತ್ತರ ಕೊಟ್ಟವನು ತಿಳಿದವನೆಂದು ಎಣಿಕೆ. ಜಗತ್ತಿನಲ್ಲಿ ನೂರಕ್ಕೆ ೩೩ ಮಂದಿ ತೇರ್ಗಡೆಯಾದರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳಲ್ಲಿ ೭೧. ನಮ್ಮ ದೇಶದಲ್ಲಿ ೨೪. ಬಳಿಕ ೨೦೧೯ರಲ್ಲಿ ನಮ್ಮದೇ ಆದ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು ಬೇರೊಂದು ಅಳತೆಗೋಲಿನಿಂದ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ೨೭ ಮಂದಿ ಮಾತ್ರ ಕನಿಷ್ಠ ಮಟ್ಟವನ್ನು ಮುಟ್ಟಿದ್ದರು. ಅಂದರೆ ನಾಲ್ವರು ಕುಳಿತ ಪಂಕ್ತಿಯಲ್ಲಿ ಒಬ್ಬನಿಗೆ ಮಾತ್ರ ತನ್ನ ಹಣದ ಲೆಕ್ಕ ಬಲ್ಲದು. ಮಿಕ್ಕ ಮೂವರ ಲೆಕ್ಕವನ್ನು ಬೇರೆಯವರು ಮಾಡುತ್ತಾರೆ. ಬೇರೆಯವರು ಮಾಡುವ ಲೆಕ್ಕವು ಯಾರ ಹಿತಕ್ಕೆ ಸರಿಯಾಗಿರುತ್ತದೆಂಬುದನ್ನು ವಿವರಿಸಬೇಕಾದುದಿಲ್ಲ.

೨. ಮೊದಲ ಪಾಠ: ಬರೆದಿಡುವುದು

ಹಣದ ಅರಿವೆಂಬುದು ದೊಡ್ಡ ಶಾಸ್ತ್ರವೆಂದು ಹೆದರಬೇಕಾಗಿಲ್ಲ. ಅದರ ಅ ಆ ಇ ಈ ಎಂದರೆ ಜಮಾ ಖರ್ಚು. ಎಡಗಡೆ ಬಂದುದು, ಬಲಗಡೆ ಹೋದುದು. ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ರಾತ್ರಿ ಊಟವಾದ ಮೇಲೆ ಐದು ನಿಮಿಷ. ಮೂರು ತಿಂಗಳು ಬಿಡದೆ ಬರೆದ ಮನೆಯಲ್ಲಿ ಯಾರೂ ಹೇಳದೆಯೇ ಕೆಲವು ಖರ್ಚುಗಳು ತಾವಾಗಿ ಇಳಿಯುತ್ತವೆ. ಏಕೆಂದರೆ ಕಣ್ಣಿಗೆ ಕಾಣದ ತೂತನ್ನು ಯಾರೂ ಮುಚ್ಚಲಾರರು.

ಬರೆಯುವಾಗ ಮೂರು ನಿಯಮಗಳನ್ನು ಪಾಲಿಸಬೇಕು. ಮೊದಲನೆಯದಾಗಿ, ಗಂಡಹೆಂಡಿರಿಬ್ಬರೂ ಕೂಡಿ ಬರೆಯಬೇಕು. ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದದ್ದೇ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಆಕೆ. ಮನೆಗೆ ಏನು ಬಂದಿತು, ಎಷ್ಟು ಬಂದಿತು ಎಂದು ನೋಡಿ ಹೇಳುವ ಅಧಿಕಾರವು ಆ ಮನೆಯಲ್ಲಿ ಮಡದಿಗಿದ್ದಿತು. ನಮ್ಮ ಮನೆಗಳಲ್ಲಿ ಇಂದು ಆ ಅಧಿಕಾರವಿದೆಯೆ? ಎರಡನೆಯದಾಗಿ, ಸಾಲವನ್ನು ವರಮಾನದ ಪಟ್ಟಿಯಲ್ಲಿ ಎಂದೂ ಬರೆಯಬಾರದು. ಸಾಲವು ಕೈಗೆ ಬಂದ ದಿನ ಬಂದಂತೆ ತೋರುತ್ತದೆ. ನಿಜವಾಗಿ ಅದು ಮುಂದಿನ ತಿಂಗಳುಗಳ ದುಡಿಮೆಯನ್ನು ಇಂದೇ ಮಾರಿದಂತೆ. ಮೂರನೆಯದಾಗಿ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಯಾವ ಕಾಗದ ಎಲ್ಲಿದೆ ಎಂಬುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಬೇಕು. ಆರಂಭದಲ್ಲಿ ಹೇಳಿದ ತಾಯಿಯ ಮನೆಯಲ್ಲಿ ಅಂತಹ ಒಂದೇ ಒಂದು ಪುಟವಿದ್ದಿದ್ದರೆ ಆ ಹೊಲವು ಉಳಿಯುತ್ತಿತ್ತೋ ಏನೋ.

ಹತ್ತು ವರ್ಷಗಳ ಕಾಲ ಯಾರೂ ಕೇಳದೆ ಉಳಿದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ಒಪ್ಪಿಸುತ್ತವೆ. ಈ ನಿಧಿಯು ೨೦೧೪ರಲ್ಲಿ ಏರ್ಪಟ್ಟಿತು. ಹಾಗೆ ಉಳಿದ ಹಣವನ್ನು ವಾರಸುದಾರರು ಹುಡುಕಿಕೊಳ್ಳಲೆಂದು ೨೦೨೩ರಲ್ಲಿ ‘ಉದ್ಗಮ್’ ಎಂಬ ತಾಣವನ್ನು ರಿಸರ್ವ್ ಬ್ಯಾಂಕು ತೆರೆಯಿತು. ನಿಧಿಗೆ ಹೋದ ಹಣವನ್ನೂ ಹಕ್ಕುದಾರರು ತಮ್ಮ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂತಹ ನಿಧಿಯೊಂದು ಬೇಕಾಯಿತೆಂಬುದೇ ಎಷ್ಟು ಮನೆಗಳಲ್ಲಿ ಕೊನೆಯ ಪುಟವು ಖಾಲಿಯಿದೆಯೆಂಬುದಕ್ಕೆ ಸಾಕ್ಷಿ.

೩. ಎರಡನೆಯ ಪಾಠ: ಬಡ್ಡಿ

ಬಡ್ಡಿಯನ್ನು ಅರಿಯದವನು ಹಣವನ್ನು ಅರಿತವನಲ್ಲ. ಹಳ್ಳಿಯಲ್ಲಿ ‘ನೂರಕ್ಕೆ ಐದು’ ಎಂದು ಹೇಳಿ ಕೊಡುತ್ತಾರೆ. ಕೇಳುವ ಕಿವಿಗೆ ಐದೆಂಬುದು ಸಣ್ಣ ಸಂಖ್ಯೆ. ಅದು ತಿಂಗಳಿಗೆ ಐದು, ವರ್ಷಕ್ಕೆ ಅರುವತ್ತು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಐವತ್ತು ಸಾವಿರ ರೂಪಾಯಿಯನ್ನು ಹೀಗೆ ತಂದರೆ ತಿಂಗಳಿಗೆ ೨,೫೦೦ ರೂಪಾಯಿ ಬಡ್ಡಿ. ಇಪ್ಪತ್ತು ತಿಂಗಳು ತಪ್ಪದೆ ಕಟ್ಟಿದವನು ಐವತ್ತು ಸಾವಿರವನ್ನೂ ಕಟ್ಟಿದಂತಾಯಿತು. ಅಸಲಿನಲ್ಲಿ ಒಂದು ಕಾಸೂ ಕರಗಲಿಲ್ಲ. ಕಟ್ಟಲಾರದೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರಂತೂ ಹದಿನೈದು ತಿಂಗಳೊಳಗೆ ಸಾಲವು ಇಮ್ಮಡಿಯಾಗುತ್ತದೆ. ಅದೇ ಹಣವನ್ನು ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ತಂದವನಿಗೆ ಮೊದಲ ತಿಂಗಳ ಬಡ್ಡಿ ೫೦೦ ರೂಪಾಯಿ ಮಾತ್ರ.

ಎಷ್ಟು ವರ್ಷಗಳಲ್ಲಿ ಹಣವು ಇಮ್ಮಡಿಯಾಗುವುದೆಂದು ತಿಳಿಯಲು ಒಂದು ಸುಲಭವಾದ ಸೂತ್ರವಿದೆ. ೭೨ನ್ನು ವಾರ್ಷಿಕ ಬಡ್ಡಿಯ ದರದಿಂದ ಭಾಗಿಸಬೇಕು. ನೂರಕ್ಕೆ ಆರರಂತಾದರೆ ಹನ್ನೆರಡು ವರ್ಷ. ಎಂಟರಂತಾದರೆ ಒಂಬತ್ತು ವರ್ಷ. ಇದು ಹೆಚ್ಚುಕಡಿಮೆ ಸರಿಯಾದ ಉತ್ತರವನ್ನು ಕೊಡುತ್ತದೆ. ಈ ಸೂತ್ರವು ಮೂರು ಕೆಲಸಗಳಿಗೆ ಒದಗುತ್ತದೆ. ನಮ್ಮ ಉಳಿತಾಯ ಬೆಳೆಯುವ ಬಗೆಯನ್ನು ತೋರಿಸುತ್ತದೆ. ನಮ್ಮ ಸಾಲ ಬೆಳೆಯುವ ಬಗೆಯನ್ನು ತೋರಿಸುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಗಡಿಗೆಯಲ್ಲಿ ಹೂತಿಟ್ಟ ನೂರು ರೂಪಾಯಿಯು ಹನ್ನೆರಡು ವರ್ಷಗಳ ಮೇಲೆ ಇಂದಿನ ಐವತ್ತರಷ್ಟು ಸಾಮಾನನ್ನು ಮಾತ್ರ ತರಬಲ್ಲುದೆಂದೂ ತೋರಿಸುತ್ತದೆ. ಹಣವನ್ನು ಕೂಡಿಡುವುದು ಬೇರೆ, ಹೂತಿಡುವುದು ಬೇರೆ.

ಇನ್ನು ಬಡ್ಡಿಯ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಒಂದು ಲಕ್ಷ ರೂಪಾಯಿ ಸಾಲ, ಎರಡು ವರ್ಷ, ನೂರಕ್ಕೆ ಹನ್ನೆರಡು ಎಂದು ಹೇಳಿ, ಇಪ್ಪತ್ತನಾಲ್ಕು ಸಾವಿರವನ್ನು ಮೊದಲೇ ಕೂಡಿಸಿ, ತಿಂಗಳಿಗೆ ಸುಮಾರು ೫,೧೬೭ ರೂಪಾಯಿಯ ಕಂತನ್ನು ಕಟ್ಟುತ್ತಾರೆ. ಕಂತು ಕಟ್ಟಿದಂತೆ ಅಸಲು ಕರಗುತ್ತ ಹೋಗುತ್ತದೆ. ಆದರೆ ಬಡ್ಡಿಯು ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಲಕ್ಷದ ಮೇಲೆಯೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ಹನ್ನೆರಡು ವಾಸ್ತವವಾಗಿ ಇಪ್ಪತ್ತೊಂದೂವರೆಯಷ್ಟಾಗುತ್ತದೆ. ಆದುದರಿಂದ ಸಾಲಗಾರನು ಕೇಳಬೇಕಾದ ಪ್ರಶ್ನೆ ‘ದರವೆಷ್ಟು?’ ಎಂಬುದೊಂದೇ ಅಲ್ಲ. ‘ಕರಗುವ ಅಸಲಿನ ಮೇಲೋ, ಮೊದಲ ಅಸಲಿನ ಮೇಲೋ? ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಎಷ್ಟು? ಒಟ್ಟು ನಾನು ಕಟ್ಟುವ ಮೊತ್ತವೆಷ್ಟು?’ ಎಂದು ಕೇಳಬೇಕು. ಈ ವಿವರಗಳನ್ನೆಲ್ಲ ಒಂದು ಪತ್ರದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಸಹಿಗೆ ಮೊದಲೇ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ೨೦೨೪ರ ಅಕ್ಟೋಬರ್ ೧ರಿಂದ ಜನಸಾಮಾನ್ಯರ ಹೊಸ ಸಾಲಗಳಿಗೆಲ್ಲ ಈ ನಿಯಮವು ಅನ್ವಯಿಸುತ್ತದೆ. ಆ ಪತ್ರವನ್ನು ಕನ್ನಡದಲ್ಲಿ ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಹಾಗೆಯೇ ವರ್ಷಕ್ಕೆ ಮೂರು ಲಕ್ಷದವರೆಗೆ ವರಮಾನವುಳ್ಳ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳಕೂಡದೆಂದೂ, ಎಲ್ಲ ಸಾಲಗಳ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಕೂಡದೆಂದೂ ೨೦೨೨ರ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ಸಾಲ ವಸೂಲಿಯ ಹೆಸರಿನಲ್ಲಿ ಮನೆಮಂದಿಯನ್ನು ಪೀಡಿಸುವುದನ್ನು ತಡೆಯಲು ೨೦೨೫ರಲ್ಲಿ ಪ್ರತ್ಯೇಕ ಶಾಸನವೇ ಬಂದಿತು. ಕಾನೂನು ಇದ್ದರೂ ಅದು ತನಗಾಗಿ ಇದೆಯೆಂದು ತಿಳಿಯದವನಿಗೆ ಅದು ಇಲ್ಲದಂತೆಯೇ.

೪. ಮೂರನೆಯ ಪಾಠ: ಉಳಿಸುವುದು, ಕಾಪಾಡುವುದು

ಖರ್ಚು ಮಾಡಿ ಮಿಕ್ಕುದನ್ನು ಉಳಿಸುವೆನೆಂಬವನಿಗೆ ಏನೂ ಮಿಗುವುದಿಲ್ಲ. ಬಂದ ದಿನವೇ ಒಂದು ಪಾಲನ್ನು ಎತ್ತಿಟ್ಟು ಮಿಕ್ಕುದರಲ್ಲಿ ಮನೆಯನ್ನು ನಡೆಸಬೇಕು. ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ ೭,೩೦೦ ರೂಪಾಯಿ. ನೂರಕ್ಕೆ ಆರರ ಬಡ್ಡಿಯಲ್ಲಿ ಅದು ಹತ್ತು ವರ್ಷಗಳಿಗೆ ಒಂದು ಲಕ್ಷದ ಸಮೀಪಕ್ಕೆ ಬರುತ್ತದೆ. ಮೊದಲಿಗೆ ಮೂರು ತಿಂಗಳ ಸಂಸಾರಕ್ಕೆ ಸಾಕಾಗುವಷ್ಟನ್ನು, ಬೇಕೆಂದಾಗ ತೆಗೆಯಬಹುದಾದಂತೆ, ಕೂಡಿಡತಕ್ಕದ್ದು. ಕಾಯಿಲೆ ಬಿದ್ದ ದಿನ ಬಡ್ಡಿಯವನ ಬಾಗಿಲನ್ನು ತಟ್ಟದಂತೆ ತಡೆಯುವುದು ಈ ಸಣ್ಣ ಗಂಟೇ.

ಕೂಡಿಟ್ಟುದನ್ನು ಎಲ್ಲಿಡಬೇಕು? ಇಲ್ಲಿ ಒಂದು ಭೇದವನ್ನು ಅರಿಯಬೇಕು. ೧೯೬೦ರಲ್ಲಿ ಕೆಲವು ಬ್ಯಾಂಕುಗಳು ಮುಳುಗಿ ಜನರು ಕಂಗೆಟ್ಟ ಬಳಿಕ, ೧೯೬೨ರ ಜನವರಿಯಿಂದ ನಮ್ಮ ದೇಶದಲ್ಲಿ ಠೇವಣಿಗೆ ವಿಮೆಯ ಏರ್ಪಾಡಾಯಿತು. ಆಗ ಒಬ್ಬ ಠೇವಣಿದಾರನಿಗೆ ೧,೫೦೦ ರೂಪಾಯಿಯವರೆಗೆ ರಕ್ಷಣೆಯಿದ್ದಿತು. ೧೯೯೩ರಲ್ಲಿ ಅದು ಒಂದು ಲಕ್ಷವಾಯಿತು. ೨೦೨೦ರ ಫೆಬ್ರವರಿ ೪ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ ಬಡ್ಡಿಯೂ ಸೇರಿ ಐದು ಲಕ್ಷವಾಯಿತು. ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆಯುಂಟು. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇದು ಅನ್ವಯಿಸುವುದಿಲ್ಲ. ಬ್ಯಾಂಕು ಮತ್ತು ಸಂಘ ಎರಡರ ಫಲಕಗಳೂ ಒಂದೇ ಬೀದಿಯಲ್ಲಿ ತೂಗುತ್ತವೆ. ಒಳಗಿನ ರಕ್ಷಣೆ ಒಂದೇ ಅಲ್ಲ. ಇದರಿಂದ ಸಂಘಗಳೆಲ್ಲ ಕೆಟ್ಟವೆಂದು ಹೇಳಿದಂತಾಗಲಿಲ್ಲ. ಸಂಘದಲ್ಲಿ ಹಣವಿಟ್ಟವನು ಅದರ ವಾರ್ಷಿಕ ಸಭೆಗೆ ಹೋಗಬೇಕು, ಲೆಕ್ಕಪರಿಶೋಧನೆಯ ವರದಿಯನ್ನು ಕೇಳಬೇಕು, ಜೀವಮಾನದ ಗಳಿಕೆಯನ್ನೆಲ್ಲ ಒಂದೇ ಕಡೆ ಇಡಬಾರದು ಎಂಬುದಷ್ಟೇ ತಾತ್ಪರ್ಯ.

ದುಡಿಯುವವನ ಮೇಲೆ ಮನೆ ನಿಂತಿರುವಾಗ ವಿಮೆಯನ್ನು ಮರೆಯಕೂಡದು. ೨೦೧೫ರಲ್ಲಿ ಆರಂಭವಾದ ಎರಡು ಸರಕಾರಿ ಯೋಜನೆಗಳು ಬಡವರಿಗೂ ಎಟಕುವಂಥವು. ಅಪಘಾತದ ವಿಮೆಯಾದ ಸುರಕ್ಷಾ ಬಿಮಾ ಯೋಜನೆಗೆ ೧೮ರಿಂದ ೭೦ ವಯಸ್ಸಿನವರು, ಜೀವವಿಮೆಯಾದ ಜೀವನ ಜ್ಯೋತಿ ಯೋಜನೆಗೆ ೧೮ರಿಂದ ೫೦ ವಯಸ್ಸಿನವರು ಸೇರಬಹುದು. ೨೦೨೨ರ ಜೂನ್‌ನಲ್ಲಿ ನಿಗದಿಯಾದಂತೆ ಮೊದಲನೆಯದಕ್ಕೆ ವರ್ಷಕ್ಕೆ ೨೦ ರೂಪಾಯಿ, ಎರಡನೆಯದಕ್ಕೆ ೪೩೬ ರೂಪಾಯಿ. ಒಂದೊಂದರ ಮೊತ್ತವೂ ಎರಡು ಲಕ್ಷ. ಆದರೆ ಕಂತು ಹೋಗುವ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಮನೆಯವರಿಗೆ ಸುದ್ದಿಯೇ ಇಲ್ಲದಿದ್ದರೆ ಮೊತ್ತವನ್ನು ಕೇಳುವವರೇ ಇರುವುದಿಲ್ಲ. ಮತ್ತೆ ಆ ಕೊನೆಯ ಪುಟದ ಮಾತಿಗೇ ಬಂದೆವು.

೫. ನಾಲ್ಕನೆಯ ಪಾಠ: ವಂಚನೆಯನ್ನು ಗುರುತಿಸುವುದು

೧೯೨೦ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬವನು ನಲವತ್ತೈದು ದಿನಗಳಲ್ಲಿ ನೂರಕ್ಕೆ ಐವತ್ತು ಲಾಭ ಕೊಡುವೆನೆಂದು ಸಾರಿದನು. ಮೊದಲು ಬಂದವರಿಗೆ ಕೊಟ್ಟನು ಸಹ. ಎಲ್ಲಿಂದ? ಆಮೇಲೆ ಬಂದವರ ಹಣದಿಂದ. ಹೊಸಬರು ಬರುವುದು ನಿಂತೊಡನೆ ಎಲ್ಲವೂ ಕುಸಿಯಿತು. ಅಂದಿನಿಂದ ಇಂದಿನವರೆಗೆ ಎಷ್ಟೋ ಹೆಸರುಗಳಲ್ಲಿ, ಎಷ್ಟೋ ಊರುಗಳಲ್ಲಿ ಇದೇ ಆಟ ನಡೆದಿದೆ. ಅದು ಜನರನ್ನು ಹಿಡಿಯುವುದು ನಂಬಿಕೆಯ ದಾರಿಯಿಂದ. ಗೋಡೆಯ ಮೇಲೆ ದೇವರ ಪಟ, ಬಾಯಲ್ಲಿ ನಮ್ಮ ಜಾತಿಯ ಮಾತು, ಮೊದಲ ಕಂತಿಗೆ ತಪ್ಪದ ಬಡ್ಡಿ, ಕರೆತಂದವನು ಸ್ವಂತ ಸೋದರಮಾವ. ಇಷ್ಟಿದ್ದರೆ ಯಾರು ತಾನೆ ಸಂಶಯಪಟ್ಟಾರು? ಬಂಧುವು ಮೋಸಗಾರನಲ್ಲ, ಅವನೂ ಮೋಸಹೋದವನೇ. ಆದುದರಿಂದ ಕರೆತಂದವನ ಮುಖವನ್ನು ನೋಡದೆ, ‘ಈ ಲಾಭವು ಯಾವ ದುಡಿಮೆಯಿಂದ ಹುಟ್ಟುತ್ತದೆ?’ ಎಂದು ಕೇಳಬೇಕು. ದುಡಿಮೆಯನ್ನು ತೋರಿಸಲಾರದ ಲಾಭವು ಇನ್ನೊಬ್ಬನ ಗಂಟು.

ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆಯುವುದನ್ನು ೨೦೧೯ರ ಕಾನೂನು ನಿಷೇಧಿಸಿದೆ. ಚೀಟಿಯ ವ್ಯವಹಾರಕ್ಕೂ ೧೯೮೨ರ ಶಾಸನವಿದ್ದು ಅದನ್ನು ನೋಂದಾಯಿಸಿಯೇ ನಡೆಸತಕ್ಕದ್ದು. ಕಟ್ಟುವ ಮೊದಲು ನೋಂದಣಿಯ ಪತ್ರವನ್ನು ಕೇಳಿದರೆ ನಂಟಸ್ತಿಕೆ ಕೆಡುವುದಿಲ್ಲ. ಕೇಳದೆ ಕಟ್ಟಿ ಹಣ ಹೋದರೆ ನಂಟಸ್ತಿಕೆಯೂ ಹೋಗುತ್ತದೆ.

ಈಗ ಮೋಸವು ಕೈಯೊಳಗಿನ ಫೋನಿನಲ್ಲಿಯೇ ಬಂದು ಕುಳಿತಿದೆ. ೨೦೧೬ರಲ್ಲಿ ಬಂದ ಯು.ಪಿ.ಐ. ವ್ಯವಸ್ಥೆಯಿಂದ ತರಕಾರಿ ಮಾರುವ ಅಜ್ಜಿಯೂ ಫೋನಿನಲ್ಲಿ ಹಣ ಪಡೆಯುವಂತಾದುದು ದೊಡ್ಡ ಅನುಕೂಲವೇ ಸರಿ. ಆದರೆ ಹಣ ಪಡೆಯುವುದಕ್ಕೆ ರಹಸ್ಯಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಿದರೆ ನಮ್ಮ ಹಣ ಹೋಗುತ್ತಿದೆಯೆಂದೇ ಅರ್ಥ. ಯಾವ ಬ್ಯಾಂಕೂ ಫೋನಿನಲ್ಲಿ ಪಿನ್ ಅಥವಾ ಓ.ಟಿ.ಪಿ. ಕೇಳುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ನಮ್ಮ ಕಾನೂನಿನಲ್ಲಿಯೇ ಇಲ್ಲ. ಫೋನಿನ ಪರದೆಯಲ್ಲಿ ಪೋಲೀಸರ ಉಡುಪು ತೊಟ್ಟು ಗದರಿಸುವವನು ಕಳ್ಳನೇ ಹೊರತು ಪೋಲೀಸನಲ್ಲ. ಮೋಸವಾದುದು ತಿಳಿದೊಡನೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕು. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೆ ಹಣವು ಹತ್ತು ಖಾತೆಗಳನ್ನು ದಾಟಿಹೋಗಿರುತ್ತದೆ.

೬. ದೇಶಕ್ಕೆ ಅರಿವು ಬರುವ ಬಗೆ

ಇಷ್ಟೆಲ್ಲವನ್ನು ಕೋಟಿ ಕೋಟಿ ಜನರಿಗೆ ಕಲಿಸುವುದು ಹೇಗೆ? ಸರಕಾರವು ಕೈಕಟ್ಟಿ ಕುಳಿತಿಲ್ಲ. ೨೦೧೩ರಲ್ಲಿ ಮೊದಲ ಬಾರಿಗೆ, ೨೦೨೦ರಲ್ಲಿ ಎರಡನೆಯ ಬಾರಿಗೆ ರಾಷ್ಟ್ರೀಯ ಹಣಕಾಸು ಶಿಕ್ಷಣದ ಕಾರ್ಯನೀತಿಯು ರೂಪುಗೊಂಡಿತು. ಲೀಡ್ ಬ್ಯಾಂಕುಗಳು ಜಿಲ್ಲೆಗಳಲ್ಲಿ ಹಣಕಾಸು ಸಾಕ್ಷರತಾ ಕೇಂದ್ರಗಳನ್ನು ನಡೆಸುತ್ತವೆ. ೨೦೧೭ರಿಂದ ರಿಸರ್ವ್ ಬ್ಯಾಂಕು ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ತಾಲ್ಲೂಕುಗಳ ಮಟ್ಟದಲ್ಲಿಯೂ ಅಂತಹ ಕೇಂದ್ರಗಳನ್ನು ತೆರೆಯತೊಡಗಿತು. ಆದರೂ ಒಂದು ಸತ್ಯವನ್ನು ಒಪ್ಪಬೇಕು. ಒಂದು ದಿನದ ಭಾಷಣದಿಂದ ಜನರ ರೂಢಿ ಬದಲಾಗುವುದಿಲ್ಲ. ಜಗತ್ತಿನ ಅನೇಕ ತರಬೇತಿಗಳನ್ನು ಒಟ್ಟಾಗಿ ಪರಿಶೀಲಿಸಿ ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂತಹ ಪಾಠಗಳ ಫಲವು ಅಲ್ಪವೆಂದೂ ಕಾಲ ಕಳೆದಂತೆ ಅಳಿಸಿಹೋಗುವುದೆಂದೂ ತೋರಿಸಿತು. ಅನಂತರದ ಅಧ್ಯಯನಗಳು ಇಷ್ಟು ನಿರಾಶೆಯನ್ನು ತಾಳಲಿಲ್ಲವಾದರೂ, ಬೇಕಾದ ಹೊತ್ತಿಗೆ ಸಿಕ್ಕ ಅರಿವೇ ನಿಲ್ಲುತ್ತದೆಂಬ ಮಾತು ಅನುಭವಕ್ಕೂ ಹೊಂದುತ್ತದೆ. ಸಾಲಕ್ಕೆ ಸಹಿ ಮಾಡುವ ದಿನ ಬಡ್ಡಿಯ ಪಾಠ ಹತ್ತುವಂತೆ ಬೇರೆ ದಿನ ಹತ್ತಲಾರದು.

ನಮ್ಮ ನಾಡಿನ ಹಿರಿಯರು ಇದನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಶಾಸನವು ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಪ್ರಸಿದ್ಧ. ಸದಸ್ಯನಾದ ರೈತನು ಅಲ್ಲಿ ಸಾಲಗಾರನೂ ಹೌದು, ಒಡೆಯನೂ ಹೌದು. ಲೆಕ್ಕವನ್ನು ಕೇಳುವುದು ಅವನ ಪಾಲಿನ ಕೆಲಸವಾಯಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು. ಜನರಲ್ಲಿ ಮಿತವ್ಯಯವನ್ನೂ ಉಳಿತಾಯವನ್ನೂ ರೂಢಿಗೊಳಿಸುವುದು ಅದರ ಮೂಲತತ್ತ್ವಗಳಲ್ಲಿ ಒಂದಾಗಿತ್ತು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಬಳಿಕ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಹೋದ ಬ್ಯಾಂಕು, ಕೈಮಗ್ಗದ ನೇಕಾರರ ಸಂಕಟವನ್ನು ಕಂಡು ಆರಂಭವಾದುದು. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟನು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನು ಪಡೆದು ಪುಸ್ತಕದಲ್ಲಿ ಬರೆದುಕೊಡುವನು. ದಿನಗೂಲಿಯವನಿಗೆ ತಿಂಗಳ ಕೊನೆಯೆಂಬುದಿಲ್ಲ. ಅವನ ಗಳಿಕೆ ದಿನದ್ದು, ಆದುದರಿಂದ ಉಳಿತಾಯವೂ ದಿನದ್ದಾಗಬೇಕೆಂದು ಬ್ಯಾಂಕೇ ಅವನ ಹೆಜ್ಜೆಗೆ ಹೆಜ್ಜೆಯಿಟ್ಟಿತು. ಇಂದು ‘ಪಿಗ್ಮಿ’ ಎಂಬುದು ಕನ್ನಡದ ಮನೆಮಾತೇ ಆಗಿಹೋಗಿದೆ.

ಮೂರನೆಯ ನಿದರ್ಶನವು ಸ್ತ್ರೀಯರದು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು ೧೯೮೦ರ ದಶಕದಲ್ಲಿ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವವು ನಬಾರ್ಡಿನ ಕಣ್ಣಿಗೆ ಬಿದ್ದು, ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ನಡೆಯಿತು. ಇಂದು ದೇಶದ ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘವುಂಟು. ಅವುಗಳ ಪಂಚಸೂತ್ರವು ಇದು: ನಿಯತವಾದ ಸಭೆ, ನಿಯತವಾದ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕ. ಓದು ಬಾರದ ತಾಯಂದಿರು ಸಹ ವಾರವಾರವೂ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಇದಕ್ಕಿಂತ ದೊಡ್ಡ ಪಾಠಶಾಲೆ ಯಾವುದು?

ಈ ಮೂರೂ ನಿದರ್ಶನಗಳ ಸಾರವು ಒಂದೇ. ಅರಿವು ಸ್ವಂತ ಭಾಷೆಯಲ್ಲಿ, ಗುರುತಿನವರ ಬಾಯಿಂದ, ಮತ್ತೆ ಮತ್ತೆ, ಕೈಯಲ್ಲಿ ಹಣವಿರುವಾಗಲೇ ಬರಬೇಕು.

೭. ಎರಡು ಆಕ್ಷೇಪಗಳು

ಇಲ್ಲಿ ಒಂದು ಸಂದೇಹವುಂಟಾಗಬಹುದು. ಕೈಯಲ್ಲಿ ಹಣವೇ ಇಲ್ಲದ ಬಡವನಿಗೆ ಲೆಕ್ಕದ ಪಾಠವೇಕೆ? ಅವನ ಬಡತನಕ್ಕೆ ಅವನ ಅಜ್ಞಾನವೇ ಕಾರಣವೆಂದಂತಾಗಲಿಲ್ಲವೆ? ಈ ಆಕ್ಷೇಪದಲ್ಲಿ ಸತ್ಯವಿದೆ. ಮಳೆ ಕೈಕೊಟ್ಟುದಕ್ಕೆ, ಬೆಳೆಗೆ ಬೆಲೆ ಬಾರದುದಕ್ಕೆ, ಕೂಲಿ ಸಾಲದುದಕ್ಕೆ ಜಮಾ ಖರ್ಚಿನ ಪುಸ್ತಕವು ಮದ್ದಲ್ಲ. ನ್ಯಾಯವಾದ ಕೂಲಿಯ ಬದಲಿಗೆ ಉಳಿತಾಯದ ಉಪದೇಶವನ್ನು ಕೊಡುವುದು ಅಧರ್ಮವೇ ಸರಿ. ಆದರೆ ಎಲ್ಲರಿಗಿಂತ ಹೆಚ್ಚಿನ ಬಡ್ಡಿಯನ್ನು ತೆರುವವನು ಬಡವನೇ. ಒಂದು ತಪ್ಪು ಸಹಿಯಿಂದ ಹೊಲ ಕಳೆದುಕೊಳ್ಳುವವನೂ ಅವನೇ. ಉಳ್ಳವನಿಗೆ ತಪ್ಪಿದ ಲೆಕ್ಕವು ನಷ್ಟ. ಇಲ್ಲದವನಿಗೆ ಅದು ಸರ್ವನಾಶ. ಆದುದರಿಂದ ನ್ಯಾಯವೂ ಬೇಕು, ಅರಿವೂ ಬೇಕು.

ಎರಡನೆಯ ಆಕ್ಷೇಪ: ಓದಿದವರೂ ಮೋಸಹೋಗುತ್ತಿಲ್ಲವೆ? ಹೌದು. ನಿವೃತ್ತ ಅಧಿಕಾರಿಗಳು, ವೈದ್ಯರು, ಉಪಾಧ್ಯಾಯರು ಹಣ ಕಳೆದುಕೊಂಡ ಸುದ್ದಿಯನ್ನು ನಾವು ಓದುತ್ತಿರುತ್ತೇವೆ. ಅಕ್ಷರಜ್ಞಾನವೇ ಬೇರೆ, ಹಣದ ಅರಿವೇ ಬೇರೆ. ಆಸೆಯೂ ಭಯವೂ ಮೇಲೆದ್ದಾಗ ಎರಡೂ ಮಂಕಾಗುತ್ತವೆ. ಅಂತಹ ಗಳಿಗೆಯಲ್ಲಿ ಮನುಷ್ಯನನ್ನು ಕಾಯುವುದು ಒಂದು ದಿನ ತಡೆದು ಮನೆಯವರೊಡನೆ ಮಾತಾಡುವ ರೂಢಿ. ಹೆಂಡತಿಗೆ ಹೇಳಲಾರದ ವ್ಯವಹಾರವನ್ನು ಮಾಡದಿರುವುದೇ ಉತ್ತಮವಾದ ರಕ್ಷೆ.

೮. ಈ ತಿಂಗಳ ಸಾಧನೆ

ಈ ಪಾಠವನ್ನು ಓದಿ ಮಡಿಸಿಡದೆ, ಮನೆಮಂದಿಯೆಲ್ಲ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರವನ್ನು ಬರೆಯಬೇಕೆಂದು ಬಿನ್ನಹ.

ಒಂದು: ಕಳೆದ ತಿಂಗಳು ಮನೆಗೆ ಬಂದುದೆಷ್ಟು, ಹೋದುದೆಷ್ಟು?

ಎರಡು: ನಮ್ಮ ಮೇಲಿರುವ ಪ್ರತಿ ಸಾಲಕ್ಕೂ ವರ್ಷಕ್ಕೆ ನೂರಕ್ಕೆ ಎಷ್ಟು ಬಡ್ಡಿ? ಅತಿ ಹೆಚ್ಚಿನ ಬಡ್ಡಿಯ ಸಾಲ ಯಾವುದು? ಅದನ್ನು ಮೊದಲು ತೀರಿಸುವ ದಾರಿಯೇನು?

ಮೂರು: ಪ್ರತಿ ಖಾತೆಗೂ ವಿಮೆಗೂ ವಾರಸುದಾರರ ಹೆಸರು ನಮೂದಾಗಿದೆಯೆ?

ನಾಲ್ಕು: ನಾಳೆ ನಾನಿಲ್ಲದಿದ್ದರೆ, ಕಾಗದಗಳೆಲ್ಲಿವೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆಯೆ?

ಐದು: ಬ್ಯಾಂಕಿನಿಂದ ಅನ್ಯಾಯವಾದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ದೂರು ಕೊಟ್ಟು, ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಖರ್ಚಿಲ್ಲದೆ ದೂರಬಹುದೆಂಬುದು ಮನೆಯವರಿಗೆಲ್ಲ ತಿಳಿದಿದೆಯೆ?

ಐದನೆಯ ತರಗತಿಯ ಮಗುವಿನ ಕೈಯಲ್ಲಿ ಪೆನ್ಸಿಲನ್ನು ಕೊಟ್ಟು ಬರೆಯಿಸಿದರೆ ಇನ್ನೂ ಲೇಸು. ಅದು ಕೂಡಿಸಿ ಕಳೆಯುತ್ತ ತನ್ನ ತಂದೆತಾಯಿಗಳ ಬೆವರಿನ ಬೆಲೆಯನ್ನು ಅರಿಯುತ್ತದೆ. ಹೀಗೆ ಮನೆಮನೆಯಲ್ಲಿ ಒಂದೊಂದು ಪುಸ್ತಕ ತೆರೆದುಕೊಂಡರೆ ದೇಶಕ್ಕೆ ಅರಿವು ಬಂದಂತೆಯೇ. ಅದು ಮೇಲಿನಿಂದ ಸುರಿಯುವ ಮಳೆಯಲ್ಲ, ನೆಲದಿಂದ ಒಸರುವ ಒರತೆ.

ಹೊಲ ಮಾರಿದ ಆ ತಾಯಿಯು ಈಗ ತನ್ನ ಊರಿನ ಸಂಘದ ಲೆಕ್ಕವನ್ನು ತಾನೇ ಬರೆಯುತ್ತಾಳ. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಆಕೆ ಮೊದಲು ಹೇಳುವ ಮಾತು ಇದು: “ಪೆಟ್ಟಿಗೆಯ ಕೀಲಿಕೈ ನಿಮ್ಮ ಸೊಂಟದಲ್ಲಿದ್ದರೆ ಸಾಲದವ್ವ, ಪೆಟ್ಟಿಗೆಯಲ್ಲಿ ಏನಿದೆಯೆಂಬುದೂ ನಿಮಗೆ ಗೊತ್ತಿರಬೇಕು.”